ನಿನ್ನೆ ಹತ್ತು ಗಂಟೆಗೆ ಮಗು ಯಾರ ಮಡಿಲಲ್ಲಿತ್ತು

ಮೊದಲು ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದೆ ಬೇರೆ ಏನು ಬರೆಯಲು ಕೂತರೂ ಕೈ ಮುಂದೆ ಹೋಗುವುದಿಲ್ಲ.

ಅವಳಿಗೆ ಈಗ ಎರಡು ತುಂಬಿದೆ. ನನ್ನನ್ನು ‘ಅದ್ದ’ ಎಂದು ಕರೆಯುತ್ತಾಳೆ. ಅಜ್ಜ ಎನ್ನಲು ನಾಲಿಗೆ ಹೊರಳುತ್ತದೆ, ಅವಳ ಅಜ್ಜಿಯನ್ನು ಸರಿಯಾಗಿಯೇ ಅಜ್ಜಿ ಎನ್ನುತ್ತಾಳೆ. ನನಗೆ ಮಾತ್ರ ಅದ್ದ. ನಿದ್ದೆ ಬಂದರೆ ನನ್ನ ಬಲಗಿವಿ ಹಿಡಿದುಕೊಳ್ಳಬೇಕು. ಎಡಗಿವಿ ಕೊಟ್ಟರೆ ಆಗದು, ತಳ್ಳುತ್ತಾಳೆ. ಬೆಲ್ಲ ಹಾಕಿದ ರಾಗಿ ಮಣ್ಣಿಯನ್ನು ಬಟ್ಟಲಿನಿಂದ ತಿನ್ನುವುದಿಲ್ಲ, ಮುಚ್ಚಳದಿಂದಲೇ ತಿನ್ನಬೇಕು. ಯಾಕೆ ಎಂದು ನನ್ನನ್ನು ಕೇಳಬೇಡಿ. ಮುಚ್ಚಳ ತೊಳೆದಿಡುವುದೇ ನನ್ನ ಬೆಳಗಿನ ಮೊದಲ ಕೆಲಸ.

ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಶಿರಸಿಯ ಅಡಿಕೆ ವಖಾರಿಗಳಲ್ಲಿ ಹಮಾಲಿ. ಮೂಟೆ ಹೊತ್ತು ಲಾರಿಗೆ ಹಾಕುವುದು, ಲಾರಿಯಿಂದ ಇಳಿಸುವುದು, ಆಯುಷ್ಯವೆಲ್ಲ ಅದೇ. ಬೆನ್ನು ಕೈಕೊಟ್ಟ ಮೇಲೆ ಬಿಟ್ಟೆ. ನಮ್ಮ ಮನೆ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲೇ ಇದೆ. ಬಾಗಿಲು ತೆರೆದರೆ ಸಣ್ಣ ಅಂಗಳ, ಅಂಗಳ ದಾಟಿದರೆ ಡಾಂಬರು.

ಮನೆಯಲ್ಲಿ ನಾವು ದೊಡ್ಡವರು ನಾಲ್ಕು ಜನ. ಮಗ ಗೂಡ್ಸ್ ಟೆಂಪೋ ಓಡಿಸುತ್ತಾನೆ, ಬಾಳೆಗೊನೆ ತುಂಬಿಕೊಂಡು ಹುಬ್ಬಳ್ಳಿಗೆ. ಬೆಳಕು ಹರಿಯುವ ಮೊದಲೇ ಹೊರಟಿರುತ್ತಾನೆ. ನನ್ನ ಹೆಂಡತಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಕ್ಕಳು ಉಂಡು, ಪಾತ್ರೆ ತೊಳೆದು ಅವಳು ಮನೆಗೆ ಬರುವಾಗ ಮಧ್ಯಾಹ್ನ ಕಳೆದಿರುತ್ತದೆ. ಸೊಸೆ ಸಿದ್ದಾಪುರದ ಕಡೆಯವಳು. ಓದಿದವಳು. ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿದೆ, ಅಲ್ಲಿ ಅವಳ ಕೆಲಸ. ಲ್ಯಾಬು ಬೆಳಿಗ್ಗೆ ಬೇಗ ತೆರೆಯಬೇಕು. ಸಕ್ಕರೆ ಕಾಯಿಲೆಯವರೆಲ್ಲ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ, ತಡವಾದರೆ ಬೈಯುತ್ತಾರೆ. ಹಾಗಾಗಿ ಮೊದಲ ಬಸ್ಸಿಗೇ ಹೋಗುತ್ತಾಳೆ.

ಉಳಿದವನು ನಾನು.

ಮೊದಮೊದಲು ಮಗುವಿಗೆ ಸ್ನಾನ ಮಾಡಿಸುವುದನ್ನು ಹೆಂಡತಿ ಬಿಟ್ಟುಕೊಡಲಿಲ್ಲ. ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುವ ಕ್ರಮ ನಿಮಗೆ ಗೊತ್ತೇ ಇದೆ. ಗಂಡಸರು ಅದನ್ನು ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ. ಆದರೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಯಿತು. ಅಕ್ಕಿ ಆರಿಸಲು ಅವಳು ಬೇಗ ಹೋಗಬೇಕು, ಮಗು ಎಚ್ಚರಾಗುವುದು ತಡ. ಒಂದು ಆದಿತ್ಯವಾರ ನನ್ನನ್ನು ಬಚ್ಚಲಿನಲ್ಲಿ ಕೂರಿಸಿದಳು.

“ಕಾಲು ಜೋಡಿಸಿ. ನಡುವೆ ಸಂದು ಬಿಡ್ಬೇಡಿ. ಹಾಂ. ಈಗ ಕುತ್ತಿಗೆ ಹಿಡೀರಿ.”

ಹಿಡಿದೆ.

“ಅಯ್ಯ ದೇವರೇ, ಅಡಿಕೆ ಮೂಟೆ ಅಲ್ಲ ಅದು!”

“ಮೂಟೆ ಆಗಿದ್ರೆ ಇಷ್ಟು ಹೆದರ್ತಿದ್ನನೇ?” ಎಂದೆ. ಮಗು ಮಾತ್ರ ನನ್ನ ಮುಖವನ್ನೇ ನೋಡುತ್ತ ಆರಾಮವಾಗಿ ಮಲಗಿತ್ತು. ಕಣ್ಣಿಗೆ ನೀರು ಬೀಳದ ಹಾಗೆ ಹಣೆಗೆ ಅಡ್ಡ ಕೈ ಹಿಡಿಯುವುದು, ಕೊನೆಗೆ ದೃಷ್ಟಿ ತಾಗದಂತೆ ಒಂದು ಚೊಂಬು ನೀರು ಸುತ್ತು ಇಳಿಸಿ ಚೆಲ್ಲುವುದು, ಎಲ್ಲ ಕಲಿತೆ. ತಲೆಯನ್ನಂತೂ ಈಗ ನನ್ನಷ್ಟು ಚೆನ್ನಾಗಿ ಮನೆಯಲ್ಲಿ ಯಾರೂ ಒರೆಸುವುದಿಲ್ಲ. ಹೆಂಡತಿಯನ್ನೇ ಕೇಳಬಹುದು. ಒಪ್ಪುವುದಿಲ್ಲ, ಆದರೆ ಕೇಳಬಹುದು.

ನನಗೊಬ್ಬ ಹಳೆಯ ಗೆಳೆಯನಿದ್ದಾನೆ. ಅವನು ಲಾರಿ ಓಡಿಸುತ್ತಿದ್ದವನು. ಅವನ ಲಾರಿಗೆ ನಾನು ಹಾಕಿದ ಮೂಟೆಗಳಿಗೆ ಲೆಕ್ಕವಿಲ್ಲ. ಈಗ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಅವನ ಮನೆ. ಒಂದು ದಿನ ನಾನು ಬಚ್ಚಲಿನಲ್ಲಿ ಕಾಲು ಚಾಚಿ ಕೂತಿದ್ದಾಗಲೇ ಹಿತ್ತಲಿನ ಕಡೆಯಿಂದ ಬಂದುಬಿಟ್ಟ.

“ಅರೇ ದೋಸ್ತ್! ಎಂತದೋ ಇದು? ಬಾಣಂತನ ಮಾಡೂಕೆ ಶುರು ಮಾಡಿದ್ಯನಾ? ನನ್ನ ಸೊಸೆಗೂ ಹೇಳಿಡ್ತೇನೆ, ಬುಕ್ಕಿಂಗ್ ತಕೋ!”

“ನಗು ನಗು. ನಿಂಗೂ ಬರ್ತದೆ ಈ ಕಾಲ,” ಎಂದೆ.

ಬಂತು ಕೂಡ. ಅವನ ಸೊಸೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿಗೆ ಹೋಗಲು ಶುರು ಮಾಡಿದಳು, ಅವನ ಹೆಂಡತಿಗೆ ಮಂಡಿನೋವು. ಅಂಗಳದಲ್ಲಿ ಮೊಮ್ಮಗನ ಹಿಂದೆ ಓಡುತ್ತಿದ್ದ ಅವನನ್ನು ನೋಡಿ ನಾನು ಏನೂ ಅನ್ನಲಿಲ್ಲ. ಸುಮ್ಮನೆ ಕುರ್ಚಿ ಹಾಕಿಕೊಂಡು ನೋಡಿದೆ, ಅಷ್ಟೇ. ಅದರಿಂದ ಅವನಿಗೆ ಇನ್ನೂ ಉರಿಯಿತು.

ಹೀಗೆ ದಿನ ಚೆನ್ನಾಗಿ ಹೋಗುತ್ತಿತ್ತು. ನನ್ನ ಇಡೀ ಆಯುಷ್ಯದಲ್ಲಿ ನಾನು ಇಷ್ಟು ಸುಖವಾಗಿ ಇದ್ದದ್ದೇ ಇಲ್ಲ ಎಂದು ಹೇಳಿದರೆ ಮಗನಿಗೆ ಬೇಜಾರಾದೀತು. ಅವನು ಸಣ್ಣವನಿದ್ದಾಗ ನಾನು ವಖಾರಿಯಲ್ಲಿದ್ದೆ. ಅವನು ನಡೆಯಲು ಕಲಿತದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಇವಳು ನಡೆಯಲು ಕಲಿತದ್ದು ನನ್ನ ಪಂಚೆಯ ಚುಂಗು ಹಿಡಿದುಕೊಂಡು.

ನಡೆಯಲು ಕಲಿತದ್ದೇ ತೊಂದರೆಗೂ ಕಾರಣವಾಯಿತು. ಚೌತಿ ಹಬ್ಬಕ್ಕೆ ಸ್ವಲ್ಪ ಮೊದಲು, ನಾನು ಜಗಲಿಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಮಗು ಅಂಗಳದಲ್ಲಿ ಕೋಳಿಯ ಹಿಂದೆ ಹೋಗುತ್ತಿತ್ತು. ಕೋಳಿ ರಸ್ತೆಗೆ ಹೋಯಿತು. ಮಗುವೂ ಹೋಯಿತು. ನಾನು ಏಳಬೇಕು ಎಂದುಕೊಂಡೆ, ಸೊಂಟ ಹಿಡಿದುಕೊಂಡಿತು. ಅರ್ಧ ಎದ್ದವನು ಅಲ್ಲೇ ನಿಂತೆ, ಮೇಲೂ ಇಲ್ಲ ಕೆಳಗೂ ಇಲ್ಲ. ಹಾಲಿನ ಗಾಡಿ ಬ್ರೇಕು ಹಾಕಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಗೆಳೆಯ ಎಲ್ಲಿಂದ ಓಡಿ ಬಂದನೋ, ಮಗುವನ್ನು ಎತ್ತಿಕೊಂಡ. ಅವಳಿಗೆ ಏನೂ ಆಗಲಿಲ್ಲ. ‘ಕೋಯಿ, ಕೋಯಿ’ ಎನ್ನುತ್ತ ಅವನ ಹೆಗಲ ಮೇಲಿಂದ ಕೋಳಿಯನ್ನೇ ತೋರಿಸುತ್ತಿದ್ದಳು.

ಸಂಜೆ ಸೊಸೆ ಬಂದ ಕೂಡಲೇ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಬಸ್ಸಿಗೆ ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ಮಾವ, ನಾನು ಲ್ಯಾಬಲ್ಲಿ ಹೇಳಿ ಬರ್ತೇನೆ, ಬಿಡ್ತೇನೆ ಅಂತ,” ಎಂದಳು.

“ನಾನು ಬಿಸಿಯೂಟ ಬಿಡ್ತೇನೆ, ನೀ ಬಿಡ್ಬೇಡ,” ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು.

“ಬೇಡ ಅತ್ತೆ. ನೀವು ಬಿಟ್ರೆ ಆ ಜಾಗಕ್ಕೆ ಬೇರೆಯವರು ಬರ್ತಾರೆ. ಮತ್ತೆ ಸಿಗೂದಿಲ್ಲ.”

“ನಿಂದು ಸಿಗ್ತದನೇ?”

ಸೊಸೆ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿದಳು. ಬಸ್ಸು ಬಂದಿತ್ತು.

ಲ್ಯಾಬಿನ ಡಾಕ್ಟರು ಒಳ್ಳೆಯವರು. ದೀಪಾವಳಿಯವರೆಗೆ ಮಗುವಿಗೆ ಬೇರೆ ದಾರಿ ನೋಡಿ, ಆಮೇಲೂ ಆಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದರಂತೆ. ನಮ್ಮಲ್ಲಿ ನೋಡುವುದಕ್ಕೆ ಏನಿತ್ತು? ಅಂಗನವಾಡಿಗೆ ಮೂರು ವರ್ಷ ತುಂಬಬೇಕು. ಪಂಚಾಯತಿಯವರು ಸಣ್ಣ ಮಕ್ಕಳಿಗೆ ಕೂಸಿನ ಮನೆ ಎಂದು ಮಾಡುತ್ತಾರೆ, ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗಬಹುದು ಎಂದು ಕೇಳಿದ್ದೆವು. ನಮ್ಮ ಊರಿಗೆ ಬರುತ್ತದೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು. ಹಳೆಯ ವಾಚನಾಲಯದ ಕೋಣೆಗೆ ಸುಣ್ಣ ಹೊಡೆದು ಬಿಟ್ಟಿದ್ದರು, ಅಷ್ಟೇ. ಸೊಸೆ ದಿನಾ ಬಸ್ಸಿನಿಂದ ಇಳಿಯುವಾಗ ಆ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು. ಬೀಗ ಇರುತ್ತಿತ್ತು. ನಾನು ಜಗಲಿಯಲ್ಲಿ ಕೂತು ಅವಳು ನೋಡುವುದನ್ನು ನೋಡುತ್ತಿದ್ದೆ.

ಆ ಹೊತ್ತಿಗೇ ಸಂಶೋಧನೆಯ ಹುಡುಗಿ ಬಂದದ್ದು.

ಧಾರವಾಡದ ಕಡೆಯವಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸಿಲೇಟಿನಂಥ ಒಂದು ದೊಡ್ಡ ಮೊಬೈಲು. ಆಗಷ್ಟೇ ಸ್ನಾನ ಮುಗಿದಿತ್ತು. ನಾನು ಜಗಲಿಯಲ್ಲಿ ಕೂತಿದ್ದೆ. ಹೆಗಲ ಮೇಲೆ ಟವೆಲು, ತೊಡೆಯ ಮೇಲೆ ಮಗು, ಕೈಯಲ್ಲಿ ಮಣ್ಣಿ ತುಂಬಿದ ಮುಚ್ಚಳ. ಪಂಚೆ ಮೊಣಕಾಲಿನವರೆಗೆ ಒದ್ದೆ.

“ನಮಸ್ಕಾರ್ರಿ ಅಜ್ಜಾರ. ಸಣ್ಣ ಮಕ್ಕಳ ಬಗ್ಗೆ ಒಂದು ಸಂಶೋಧನಾ ಮಾಡಾಕತ್ತೇವ್ರಿ. ಮಕ್ಕಳು, ಮನಿ, ಊರು, ಮೂರೂ ಹೆಂಗ ನಡೀತಾವ ಅಂತ. ಒಂದೆರಡು ಮಾತು ಕೇಳ್ಲೇನ್ರಿ? ನಿಮ್ಮ ಹೆಸರು ಯಾರಿಗೂ ಹೇಳೂದಿಲ್ಲ.”

“ಕೇಳಿ, ಕೇಳಿ. ಮೇಲೆ ಕೂತ್ಕೊಳ್ಳಿ,” ಎಂದೆ. ಅವಳು ಇನ್ನೂ ಏನೇನೋ ವಿವರ ಹೇಳಿದಳು. ಮಗುವಿಗೆ ಬಿಕ್ಕಳಿಕೆ ಬಂದಿತ್ತು, ಬೆನ್ನು ಸವರುತ್ತಿದ್ದ ನನಗೆ ಅರ್ಧ ಕೇಳಿಸಲಿಲ್ಲ.

“ಕೂಸಿನ್ನ ದಿನಾ ಯಾರು ನೋಡ್ಕೋತಾರ್ರಿ?”

“ಅವಳ ಅಮ್ಮ,” ಎಂದೆ.

“ಸ್ನಾನಾ ಯಾರು ಮಾಡಸ್ತಾರ್ರಿ?”

“ಅಮ್ಮನೇ.”

“ಉಣಸೂದು?”

“ಅದೂ ಅಮ್ಮನೇ. ನಮ್ಮ ಸೊಸೆ ಭಾರಿ ಚೊಕ್ಕ. ಮಗು ಅಂದ್ರೆ ಜೀವ ಬಿಡ್ತಾಳೆ.”

ಹುಡುಗಿ ನನ್ನ ಒದ್ದೆ ಮೊಣಕಾಲು ನೋಡಿದಳು. ಮುಚ್ಚಳ ನೋಡಿದಳು. ಬೆರಳಿನಿಂದ ಒತ್ತಿ ಬರೆದುಕೊಂಡಳು. ಹೇಳಿದ್ದನ್ನೇ ಬರೆಯಬೇಕು, ಕಂಡದ್ದನ್ನು ಬರೆಯುವಂತಿಲ್ಲ ಎಂಬುದು ಅವಳ ಕೆಲಸದ ಕಟ್ಟಳೆಯಂತೆ. ಆಮೇಲೆ ಅವಳೇ ನನಗೆ ಹೇಳಿದ್ದು.

ನಾನು ಯಾಕೆ ಹಾಗೆ ಹೇಳಿದೆ ಎಂದು ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಕಡೆಯವರಿಗೆ ಆಗುವುದಿಲ್ಲ. ಹೊರಗಿನವರು ಬಂದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ, ಅತ್ತೆ ಮಾವ ಆದವರು ‘ನಾವು’ ಎನ್ನುವುದಿಲ್ಲ. ಅಂದರೆ ಅದು ಸೊಸೆಯ ಮೇಲೆ ದೂರು ಹೇಳಿದ ಹಾಗೆ. ಮಗುವನ್ನು ನಮ್ಮ ತಲೆಗೆ ಕಟ್ಟಿ ತಾನು ಪೇಟೆ ತಿರುಗುತ್ತಾಳೆ ಎಂದು ಹಾದಿಯಲ್ಲಿ ಹೋಗುವವರಿಗೆ ಹೇಳಿದ ಹಾಗೆ. ಸೊಸೆಯ ಬಗ್ಗೆ ಮಾವನ ಬಾಯಿಂದ ಅಂಥ ಮಾತು ಬಂದರೆ ಆಮೇಲೆ ಆ ಮನೆಯಲ್ಲಿ ನೆಟ್ಟಗೆ ಒಂದು ಊಟ ಇಲ್ಲ. ಸೊಸೆ ಹಾಕುವುದಿಲ್ಲ ಎಂದಲ್ಲ, ನಮಗೇ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಮರ್ಯಾದೆಯ ಉತ್ತರ ಒಂದೇ, ‘ಅವಳ ಅಮ್ಮ’. ಅದು ನನಗೆ ಸುಳ್ಳು ಎಂದೇ ಅನಿಸಿರಲಿಲ್ಲ.

ಹುಡುಗಿ ಚಹಾ ಕುಡಿದು, ಮಗುವಿನ ಗಲ್ಲ ಸವರಿ ಹೋದಳು. ಊರಿನಲ್ಲಿ ಸಣ್ಣ ಮಕ್ಕಳಿದ್ದ ಎಲ್ಲ ಮನೆಗೂ ಹೋದಳಂತೆ. ಈ ಲೆಕ್ಕ ನೋಡಿಯೇ ಪಂಚಾಯತಿಯವರು ಕೂಸಿನ ಮನೆಯ ತೀರ್ಮಾನ ಮಾಡುವುದಿತ್ತು, ಆದರೆ ಆ ಮಾತನ್ನು ಅವಳು ಯಾವ ಮನೆಯಲ್ಲೂ ಎತ್ತಲಿಲ್ಲ. ಎತ್ತಿದರೆ ಜನ ಆಸೆಗೆ ಬಿದ್ದು ಉತ್ತರ ಕೊಡುತ್ತಾರೆ, ನಿಜ ತಿಳಿಯುವುದಿಲ್ಲ ಎಂದು ಮೇಲಿನವರು ಹೇಳಿದ್ದರಂತೆ.

ದೀಪಾವಳಿಗೆ ಇನ್ನು ಕೆಲವೇ ದಿನ ಇರುವಾಗ ಪಂಚಾಯತಿಯಿಂದ ಹೇಳಿಕಳಿಸಿದರು. ಸಂಶೋಧನೆಯವರು ತಮಗೆ ತಿಳಿದುಬಂದದ್ದನ್ನು ಊರಿನವರಿಗೇ ಓದಿ ಹೇಳುತ್ತಾರೆ, ಮಕ್ಕಳ ಮನೆಯವರೆಲ್ಲ ಬರಬೇಕು ಎಂದು. ಬೆಳಗಿನ ಹೊತ್ತು, ಕೆಲಸದ ದಿನ. ಹಾಗಾಗಿ ಯಾರು ಬಂದರು? ನಾವೇ ಬಂದೆವು.

ಆ ಸಭೆಯನ್ನು ನೀವು ನೋಡಬೇಕಿತ್ತು. ಪಂಚಾಯತಿಯ ಹಾಲಿನ ತುಂಬ ಬಿಳಿ ತಲೆಗಳು. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಮಗು. ನನ್ನ ಗೆಳೆಯ ಮೊಮ್ಮಗನನ್ನು ಕುತ್ತಿಗೆಯ ಮೇಲೆ ಕೂರಿಸಿಕೊಂಡೇ ಬಂದಿದ್ದ. ಮುಂದಿನ ಸಾಲಿನಲ್ಲಿ ತೋಟದ ಮನೆಯ ಒಬ್ಬ ಅಮ್ಮ, ಅವರ ಸೊಸೆ ಬ್ಯಾಂಕಿಗೆ ಹೋಗುವವಳು, ಮೊಮ್ಮಗನ ಬಾಯಿಗೆ ಬಿಸ್ಕತ್ತು ನೆನೆಸಿ ಇಡುತ್ತಿದ್ದರು. ನನ್ನವಳು ಕುರ್ಚಿಯ ಸಂದಿನಲ್ಲಿ ಕಾಲು ಹಾಕಿ ತೆಗೆದು ಆಡುತ್ತಿದ್ದಳು. ತಾಯಂದಿರು ಎಂದರೆ ನಾನು ನೋಡಿದ ಹಾಗೆ ಇಬ್ಬರೋ ಮೂವರೋ.

ಆ ಧಾರವಾಡದ ಹುಡುಗಿ ಎದ್ದು ನಿಂತು ಓದಿದಳು. ಮಕ್ಕಳ ತೂಕ, ಚುಚ್ಚುಮದ್ದು, ಮನೆಯಲ್ಲಿ ಕತೆ ಹೇಳುವವರು, ಆಡಿಸುವವರು, ಎಲ್ಲ ಆಯಿತು. ನಮ್ಮ ಊರು ಒಳ್ಳೆಯದು ಎಂದೇ ಬಂದಿತ್ತು. ನಾವು ತಲೆ ಆಡಿಸಿದೆವು. ಆಮೇಲೆ ಅವಳು, “ಈ ಊರಾಗ ಬಹುತೇಕ ಎಲ್ಲಾ ಸಣ್ಣ ಮಕ್ಕಳನ್ನ ಹಗಲಿಡೀ ತಾಯಂದಿರ ನೋಡ್ಕೋತಾರ ಅಂತ ತಿಳಿದುಬಂದದರಿ,” ಎಂದಳು.

ಹಿಂದಿನಿಂದ ಒಂದು ಮಗು ಕಿರುಚಿತು. ಅದರ ಅಜ್ಜ ‘ಲಾ ಲಾ ಲಾ’ ಎನ್ನುತ್ತ ಎದ್ದು ಹಾಲಿನ ಉದ್ದಕ್ಕೂ ತಿರುಗಲು ಶುರು ಮಾಡಿದ. ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕಾಗದದಿಂದ ತಲೆ ಎತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಪಂಚಾಯತಿಯ ಅಧಿಕಾರಿಗೆ ಮಾತ್ರ ಬೇರೆ ಕೆಲಸದ ಗಡಿಬಿಡಿ.

“ಸರಿ ಹಾಗಾದ್ರೆ,” ಎಂದರು ಅವರು. “ತಾಯಂದಿರು ಮನೇಲೇ ಇರ್ತಾರೆ ಅಂದ್ಮೇಲೆ ಕೂಸಿನ ಮನೆ ಇಲ್ಲಿ ಅವಶ್ಯ ಇಲ್ಲ. ಆಚೆ ಊರಿಂದ ಬೇಡಿಕೆ ಇದೆ, ಅಲ್ಲಿಗೆ ಕಳಿಸ್ತೇವೆ. ಯಾರದ್ದಾದ್ರೂ ಆಕ್ಷೇಪಣೆ ಇದ್ರೆ ಹೇಳಿ.”

ಸುಣ್ಣ ಹೊಡೆದ ಆ ಕೋಣೆ ಕಣ್ಣ ಮುಂದೆ ಬಂತು. ಬಸ್ಸಿನಿಂದ ಇಳಿದು ಅದರ ಕಡೆ ನೋಡುವ ಸೊಸೆ ಬಂದಳು. ಅವಳ ಕೆಲಸ ಉಳಿಯುವುದಕ್ಕೆ ಇದ್ದ ಒಂದೇ ದಾರಿ, ಅವಳ ಮಾನ ಉಳಿಸಲು ನಾನು ಹೇಳಿದ ಮಾತಿನಿಂದಲೇ ಮುಚ್ಚುತ್ತಿತ್ತು. ಈಗ ಎದ್ದು ನಿಜ ಹೇಳಿದರೆ ಊರ ಸಭೆಯಲ್ಲೇ ಸೊಸೆಯ ಮೇಲೆ ದೂರು ಹೇಳಿದ ಹಾಗೆ ಆಗುತ್ತದೆ. ಹೇಳದಿದ್ದರೆ ದೀಪಾವಳಿ ಮುಗಿದ ಮೇಲೆ ಅವಳು ಮನೆಯಲ್ಲಿರುತ್ತಾಳೆ.

ಎದ್ದೆ. ಸೊಂಟ ಹಿಡಿಯಿತು, ಮುಂದಿನ ಕುರ್ಚಿ ಹಿಡಿದುಕೊಂಡೆ. ಮೊಮ್ಮಗಳು ‘ಅದ್ದ, ಎತ್ತು’ ಎಂದಳು. ಅವಳನ್ನು ಎತ್ತಲು ಆಗಲಿಲ್ಲ.

“ತಂಗಿ,” ಎಂದೆ ಹುಡುಗಿಗೆ. “ನಮ್ಮನೆ ಮಗುವನ್ನು ನೋಡ್ಕೊಳ್ಳೂದು ನಾನು. ಸ್ನಾನ ಮಾಡ್ಸೂದು, ತಿನ್ಸೂದು, ಮಲಗ್ಸೂದು, ಎಲ್ಲ ನಾನೇ. ಸೊಸೆ ಕೆಲಸಕ್ಕೆ ಹೋಗ್ತಾಳೆ. ಅವಳು ಹೋಗ್ಬೇಕು ಅಂತ ನಮಗೆಲ್ಲ ಆಸೆ. ಅವಳ ಮೇಲೆ ದೂರು ಅಲ್ಲ ಇದು, ಹಾಂಗೆ ಬರ್ಕೊಳ್ಬೇಡಿ.”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಕೆಟ್ಟೆ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಗೆಳೆಯ ದೊಡ್ಡದಾಗಿ ನಕ್ಕುಬಿಟ್ಟ. ಲಾರಿ ಸ್ಟಾರ್ಟ್ ಆದ ಹಾಗೆ ಅವನ ನಗು.

“ನೀನೂ ಅಮ್ಮ ಅಂತಲೇ ಹೇಳಿದ್ಯನಾ? ಅರೇ ಖುದಾ! ನಾನೂ ಅದೇ ಹೇಳಿದ್ದು ಮಾರಾಯಾ! ಇಂವ ಅವತ್ತು ನನ್ನ ಅಂಗಿ ಮೇಲೆಲ್ಲ ಉಚ್ಚೆ ಹೊಯ್ದಿದ್ದ. ಆ ಒದ್ದೆ ಅಂಗಿಯಲ್ಲೇ ಕೂತ್ಕಂಡು, ಇವನ ಅಮ್ಮನೇ ಎಲ್ಲ ನೋಡ್ಕೊಳ್ತಾಳೆ ಅಂತ ಹೇಳಿದ್ದೇನೆ!”

ಮುಂದಿನ ಸಾಲಿನ ಅಮ್ಮ ತಿರುಗಿದರು. ಹವ್ಯಕರ ಮಾತಿನಲ್ಲಿ, “ಯಂಗೂ ಹಾಂಗೇ ಆತು, ಎಂತ ಮಾಡದು? ಆನು ಸುಳ್ಳು ಹೇಳಿದ್ನಿಲ್ಲೆ, ಸೊಸೆ ಮರ್ಯಾದೆ ನೋಡಿದಿ ಅಷ್ಟೇಯ. ಅದು ಬ್ಯಾಂಕಿಗೆ ಹೋಗ್ತು, ಮಾಣಿ ಬೆಳಗಿಂದ ಸಂಜೆವರೆಗೂ ಯನ್ನ ಹತ್ರವೇ,” ಎಂದರು.

ಆಮೇಲೆ ಯಾರನ್ನೂ ತಡೆಯಲು ಆಗಲಿಲ್ಲ. ನಾನು ನಾನು ಎಂದು ಒಬ್ಬೊಬ್ಬರಾಗಿ ಎದ್ದರು. ಮಗು ಹಿಡಿದುಕೊಂಡು ಹಾಲಿನಲ್ಲಿ ತಿರುಗುತ್ತಿದ್ದ ಅಜ್ಜ ನಿಂತಲ್ಲಿಂದಲೇ, “ನನ್ನ ನೋಡಿದ್ರೆ ಗೊತ್ತಾಗೂದಿಲ್ವನಾ?” ಎಂದು ಅಧಿಕಾರಿಯನ್ನು ಕೇಳಿದ. ಧಾರವಾಡದ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಹೇಳಿದಳು:

“ತಪ್ಪು ನಿಮ್ಮದಲ್ರಿ, ಪ್ರಶ್ನಿದು. ‘ಯಾರು ನೋಡ್ಕೋತಾರ’ ಅಂತ ಕೇಳಿದ್ರ ನೀವು ಮರ್ಯಾದಿ ಉತ್ತರಾನ ಕೊಡ್ತೀರಿ. ನಾ ಬ್ಯಾರೆ ಕೇಳಬೇಕಾಗಿತ್ತು.” ಸ್ವಲ್ಪ ಯೋಚನೆ ಮಾಡಿದಳು. “ಈಗ ಹೇಳ್ರಿ. ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನಿ ಕೂಸು ಯಾರ ಮಡಿಲಾಗ ಇತ್ತು? ನಿನ್ನೆದು ಅಷ್ಟೇ ಹೇಳ್ರಿ. ಮೊನ್ನೆದು ಬ್ಯಾಡ, ದಿನಾನೂ ಬ್ಯಾಡ.”

ಅದು ಹೇಳಲು ಸುಲಭವಾಗಿತ್ತು. ನಿನ್ನೆ ಒಂದು ದಿನದ ಮಾತು, ಅದರಲ್ಲಿ ಯಾರ ಮೇಲೂ ದೂರಿಲ್ಲ. ಅಲ್ಲೇ ಕೂತು ಪ್ರತಿಯೊಬ್ಬರನ್ನೂ ಮತ್ತೆ ಕೇಳಿದಳು. ಬಾರದವರ ಮನೆಗೆ ಮರುದಿನ ತಾನೇ ಹೋದಳು. ನನ್ನ ಸರದಿ ಬಂದಾಗ, “ನನ್ನ ಮಡಿಲಲ್ಲಿತ್ತು, ಬಲಗಿವಿ ಹಿಡ್ಕೊಂಡು ಮಲಗಿತ್ತು,” ಎಂದೆ. “ಕಿವಿದೂ ಬರೀಲೇನ್ರಿ ಅಜ್ಜಾರ?” ಎಂದಳು. ಬರಿ ಎಂದೆ. ಬರೆದಳೋ ಇಲ್ಲವೋ.

ಅಧಿಕಾರಿ ಕನ್ನಡಕ ತೆಗೆದು ಒರೆಸಿ, “ಸರಿ, ಹೊಸ ವರದಿ ಬರ್ಲಿ, ಅದರ ಮೇಲೆ ನೋಡ್ವಾ,” ಎಂದರು.

ಮನೆಗೆ ಬರುವಾಗ ನನ್ನ ಚಿಂತೆ ಬೇರೆಯೇ ಆಗಿತ್ತು. ಊರಿನಲ್ಲಿ ಮಾತು ಓಡುವುದು ಬಸ್ಸಿಗಿಂತ ಬೇಗ. ಸೊಸೆಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು ಎಂದು ಸಂಜೆ ಬಸ್ಸು ಬರುವ ಹೊತ್ತಿಗೆ ಸ್ಟಾಪಿನಲ್ಲೇ ನಿಂತೆ. ಅವಳು ಇಳಿದಳು. ಮಗುವನ್ನು ಎತ್ತಿಕೊಂಡಳು.

“ಮಗಾ, ಒಂದು ಮಾತು. ಸಿಟ್ಟು ಮಾಡ್ಬೇಡ,” ಎಂದು ನಡೆದದ್ದೆಲ್ಲ ಹೇಳಿದೆ.

ಅವಳು ರಸ್ತೆಯ ನಡುವೆಯೇ ನಿಂತಳು. ನಾನು ಈಚೆಗೆ ಎಳೆದೆ.

“ಮಾವ, ಇದಕ್ಕೆ ಇಷ್ಟು ಹೆದರಿದ್ರಾ? ನಾನು ಲ್ಯಾಬಲ್ಲಿ ಬಂದವರಿಗೆಲ್ಲ ಹೇಳ್ತಾ ಇರ್ತೇನೆ. ನಮ್ಮ ಮಾವ ಕಾಲ ಮೇಲೆ ಹಾಕ್ಕೊಂಡು ಸ್ನಾನ ಮಾಡಿಸ್ತಾರೆ ಅಂತ. ಸೂಜಿ ಚುಚ್ಚುವಾಗ ಹೆದರುವವರಿಗೆ ಅದನ್ನೇ ಹೇಳೂದು. ನಗ್ತಾ ಕೈ ಕೊಡ್ತಾರೆ. ಶಿರಸಿಯಲ್ಲಿ ಅರ್ಧ ಜನಕ್ಕೆ ನೀವು ಗೊತ್ತು!”

ನಾನು ಊರಿಗೆಲ್ಲ ಮುಚ್ಚಿಟ್ಟದ್ದನ್ನು ಅವಳು ಪೇಟೆಗೆಲ್ಲ ಸಾರುತ್ತಿದ್ದಳು. ಮನೆಯವರೆಗೆ ನಾನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ನಡೆದೆ. ಹೆಂಡತಿ ನನ್ನ ಮುಖ ನೋಡಿ, “ಎಂತಾಯ್ತು? ಸೊಂಟನಾ?” ಎಂದಳು. ಹೌದು ಎಂದೆ.

ಹೊಸ ವರದಿ ಹೋಯಿತು, ಆದರೆ ಸರ್ಕಾರದ ಕೆಲಸ ದೀಪಾವಳಿಯ ಗಡುವು ನೋಡಿ ನಡೆಯುವುದಿಲ್ಲ. ಹಬ್ಬ ಬಂದು ಹೋಯಿತು, ವಾಚನಾಲಯದ ಬೀಗ ಹಾಗೇ ಇತ್ತು. ಸೊಸೆ ಡಾಕ್ಟರ ಹತ್ತಿರ ಇನ್ನಷ್ಟು ದಿನ ಕೇಳಿಕೊಂಡಳು, ಅವರು ಒಪ್ಪಿದರು. ಆ ದಿನಗಳಲ್ಲಿ ನಾನು ಮಗುವನ್ನು ಗೆಳೆಯನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವನ ಅಂಗಳಕ್ಕೆ ಬೇಲಿ ಇದೆ. ಇಬ್ಬರು ಮಕ್ಕಳನ್ನೂ ಅಲ್ಲೇ ಬಿಡುವುದು. ಕೂತು ಮಾಡುವ ಕೆಲಸ ನನ್ನದು, ಓಡುವ ಕೆಲಸ ಅವನದು. ಉಣಿಸುವಾಗ ನಾನು, ಹಿಡಿದು ತರುವಾಗ ಅವನು. “ಲೋಡಿಂಗ್ ನೀನು, ಡ್ರೈವಿಂಗ್ ನಾನು. ಮೊದಲಿನ ಹಾಗೇ,” ಎನ್ನುತ್ತಿದ್ದ. ಬ್ಯಾಂಕಿನ ಸೊಸೆಯ ಅತ್ತೆಯೂ ಮೊಮ್ಮಗನನ್ನು ಕರೆದುಕೊಂಡು ಬರಲು ಶುರು ಮಾಡಿದರು. ಬರುವಾಗ ಮಕ್ಕಳಿಗೆಂದು ಬಾಳೆಹಣ್ಣು ತರುತ್ತಿದ್ದರು. ಮಕ್ಕಳಿಗಿಂತ ಹೆಚ್ಚು ನಾವು ತಿಂದೆವು.

ಒಂದು ಸೋಮವಾರ ಬೀಗ ತೆಗೆದರು. ಗೋಡೆಯ ಮೇಲೆ ಆನೆ, ಗಿಳಿ, ಕೆಳಗೆ ಚಾಪೆ, ಮೂಲೆಯಲ್ಲಿ ಎರಡು ಸಣ್ಣ ತೊಟ್ಟಿಲು. ನೋಡಿಕೊಳ್ಳಲು ತರಬೇತಿ ಆದ ನಮ್ಮ ಊರಿನದೇ ಹೆಣ್ಣುಮಕ್ಕಳು. ನಾನು ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅಳುತ್ತಾಳೆ, ನಾನು ಬಾಗಿಲ ಹೊರಗೆ ಕೂತಿರಬೇಕಾಗುತ್ತದೆ ಎಂದು ಎಲೆ ಅಡಿಕೆ ಸಂಚಿ ಕಟ್ಟಿಕೊಂಡೇ ಹೋಗಿದ್ದೆ. ಅವಳು ಗೆಳೆಯನ ಮೊಮ್ಮಗನನ್ನು ಕಂಡದ್ದೇ ನನ್ನ ಬೆರಳು ಬಿಟ್ಟು ಓಡಿದಳು. ತಿರುಗಿಯೂ ನೋಡಲಿಲ್ಲ. ಮುಚ್ಚಳದ ವಿಷಯ ಅಲ್ಲಿಯವರಿಗೆ ಹೇಳಿ, ಮುಚ್ಚಳ ಕೊಟ್ಟು ಬಂದೆ. ಮನೆಗೆ ಬಂದು ಜಗಲಿಯಲ್ಲಿ ಕೂತೆ. ಟವೆಲು ಹೆಗಲ ಮೇಲೇ ಇತ್ತು. ಬೇಜಾರಾಯಿತೋ ಎಂದರೆ ಆಯಿತು. ಸಂಜೆ ಅವಳು ‘ಅದ್ದ, ಆನೆ’ ಎನ್ನುತ್ತ ಬಂದು ಕುತ್ತಿಗೆಗೆ ಬಿದ್ದ ಮೇಲೆ ಹೋಯಿತು. ಬೆಳಗಿನ ಸ್ನಾನ ಈಗಲೂ ನನ್ನದೇ. ಅದನ್ನು ಯಾವ ಸರ್ಕಾರಕ್ಕೂ ಬಿಟ್ಟುಕೊಡುವುದಿಲ್ಲ.

ಹಗಲು ಹೊತ್ತು ಖಾಲಿಯಾದದ್ದರಿಂದ ಹೆಂಡತಿ ನನ್ನ ಹಿಂದೆ ಬಿದ್ದಳು. ಸೊಂಟ ತೋರಿಸಿ, ರಕ್ತ ತೋರಿಸಿ ಎಂದು. ಹೋದ ವಾರ ಹೋದೆ. ಬೇರೆಲ್ಲಿಗೆ, ಸೊಸೆಯ ಲ್ಯಾಬಿಗೇ. ಅವತ್ತು ಮೊಮ್ಮಗಳು ಕತ್ತಲಿರುವಾಗಲೇ ಎದ್ದಿದ್ದಳು, ಅವಳನ್ನು ಕೂಸಿನ ಮನೆಗೆ ಬಿಡುವುದನ್ನು ಹೆಂಡತಿಗೆ ಒಪ್ಪಿಸಿ ಖಾಲಿ ಹೊಟ್ಟೆಯಲ್ಲಿ ಸೊಸೆಯ ಜೊತೆಗೇ ಮೊದಲ ಬಸ್ಸು ಹತ್ತಿದೆ. ಅವಳು ಒಳಗೆ ಹೋಗಿ ಬಿಳಿ ಕೋಟು ಹಾಕಿಕೊಂಡು ಬಂದಳು. ಅವಳನ್ನು ಆ ಕೋಟಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಬೆಂಚಿನ ಮೇಲೆ ಕೂತವರೆಲ್ಲ ಎದ್ದು ‘ಮೇಡಂ, ಮೇಡಂ’ ಎನ್ನುತ್ತಿದ್ದರು. ನನ್ನ ಸರದಿ ಬಂತು.

“ಮಾವ, ಮುಷ್ಟಿ ಬಿಗಿ ಮಾಡಿ,” ಎಂದಳು. ಮಾಡಿದೆ. ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ನರ ಹುಡುಕಿದಳು. ಸೂಜಿ ಹೋದದ್ದೇ ಗೊತ್ತಾಗಲಿಲ್ಲ.

ನನ್ನ ಹಿಂದೆ ಕಾಯುತ್ತಿದ್ದ ಒಬ್ಬ ಹೆಂಗಸು ಅವಳನ್ನೂ ನನ್ನನ್ನೂ ನೋಡಿ, “ಓ, ಸ್ನಾನ ಮಾಡ್ಸೂ ಮಾವ ಇವ್ರೇಯನಾ?” ಎಂದಳು. ಬೆಂಚಿನವರೆಲ್ಲ ತಿರುಗಿದರು.

“ಹೌದು,” ಎಂದೆ, ಹತ್ತಿ ಒತ್ತಿ ಹಿಡಿದುಕೊಂಡು. “ಇವತ್ತೂ ಮಾಡ್ಸಿಯೇ ಬಂದದ್ದು.”